ಸಾಸಿವೆ ಎಣ್ಣೆಯಿಂದ ಬಸ್ ಓಡುತ್ತಾ?

ಒಂದು ಚಮಚ ಸಾಸಿವೆಯನ್ನು ಹಳೇ ಪೇಪರಿನ ಮಡಿಕೆಯೊಳಗೆ ಇಟ್ಟು ಲಟ್ಟಣಿಗೆಯಿಂದ ಜೋರಾಗಿ ಒತ್ತಿ ನೋಡಿ. ಪೇಪರಿಗೆ ಎಣ್ಣೆ ಇಳಿದು, ಬೆಳಕಿಗೆ ಹಿಡಿದರೆ ಆ ಜಾಗ ಮಸುಕಾಗಿ ಹೊಳೆಯುತ್ತದೆ. ಮೊನ್ನೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಮಗಳಿಗೆ ಇದನ್ನೇ ಮಾಡಿ ತೋರಿಸಿದೆ. ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಎಣ್ಣೆಯೇ ಅಂದೆ. "ಹಾಗಾದ್ರೆ ಇದರಿಂದ ಬಸ್ ಓಡುತ್ತಾ ಅಪ್ಪಾ?" ಅಂದಳು.

ಓಡುತ್ತದೆ. ಯುರೋಪಿನಲ್ಲಿ ಎಕರೆಗಟ್ಟಲೆ ಹಳದಿ ಹೂ ಬಿಡುವ ರೇಪ್‌ಸೀಡ್ ನಮ್ಮ ಸಾಸಿವೆಯ ದಾಯಾದಿ. ಕೋಸಿನ ಜಾತಿ ಮತ್ತು ಟರ್ನಿಪ್ ಜಾತಿ ಬೆರೆತು ಹುಟ್ಟಿದ ಗಿಡ ಅದು. ಅದರ ಎಣ್ಣೆಯಿಂದ ಅಲ್ಲಿ ಬಯೋಡೀಸೆಲ್ ಮಾಡುತ್ತಾರೆ. ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ, ಸುಮ್ನೆ ಟ್ಯಾಂಕಿಗೆ ಸುರಿದರೆ ಎಂಜಿನ್ನಿನ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಎಣ್ಣೆಯ ಒಂದೊಂದು ಕಣದಲ್ಲೂ ಗ್ಲಿಸರಿನ್‌ಗೆ ಮೂರು ಉದ್ದ ಬಾಲ ಅಂಟಿಕೊಂಡಿರುತ್ತವೆ. 100 ಕಿಲೋ ಎಣ್ಣೆಗೆ 10-11 ಕಿಲೋ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್), ಸ್ವಲ್ಪ ಕ್ಷಾರ ಹಾಕಿ ಬಿಸಿ ಮಾಡಿ ಕಲಕಿದರೆ ಆ ಬಾಲಗಳು ಬಿಡಿಸಿಕೊಂಡು ಮೆಥನಾಲ್ ಜೊತೆ ಸೇರುತ್ತವೆ. ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಮೇಲೆ ತೆಳ್ಳಗಿನ ಬಯೋಡೀಸೆಲ್ ನಿಲ್ಲುತ್ತದೆ. ಚಳಿಗಾಲದಲ್ಲಿ ನಮ್ಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ವಾ, ಪಾಮ್ ಎಣ್ಣೆಯ ಬಯೋಡೀಸೆಲ್ ಕೂಡ ಹಾಗೇ. ರೇಪ್‌ಸೀಡ್‌ನದು ಸೊನ್ನೆಗಿಂತ ಕೆಳಗೂ ಹರಿಯುತ್ತದೆ, ಅದಕ್ಕೇ ಯುರೋಪಿಗೆ ಅದು ಒಗ್ಗಿದ್ದು.

ಹಾಗಂತ ನಾವೂ ಸಾಸಿವೆಯನ್ನು ಇಂಧನಕ್ಕೆ ಬೆಳೆಯಬೇಕಾ? ಬೇಡ ಅಂತಲೇ ನನ್ನ ಅಭಿಪ್ರಾಯ. ರಾಜಸ್ಥಾನದ ಒಂದು ಎಕರೆಯಲ್ಲಿ ಆರು ಕ್ವಿಂಟಲ್ ಬಂತು ಅಂದುಕೊಳ್ಳಿ. ಗಾಣಕ್ಕೆ ಹಾಕಿದರೆ ಹೆಚ್ಚುಕಡಿಮೆ 200 ಕಿಲೋ ಎಣ್ಣೆ, ಅಂದರೆ ಇಡೀ ಹಿಂಗಾರಿಗೆ ಸಣ್ಣ ಕಾರಿನ ಟ್ಯಾಂಕ್ ಐದು ಸಲ ತುಂಬುವಷ್ಟು. ಅದೇ ಎಣ್ಣೆಯಲ್ಲಿ ನಾಲ್ಕು ಜನರ ಎರಡು ಮನೆಗಳು ವರ್ಷಪೂರ್ತಿ ಒಗ್ಗರಣೆ ಹಾಕಬಹುದು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತಿದೆ. ಸಾಲದ್ದಕ್ಕೆ ಈ ಬೆಳೆಗೆ ಸಾರಜನಕದ ಗೊಬ್ಬರ ಬೇಕೇ ಬೇಕು. ಹಾಕಿದ್ದರಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ, ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ.

ಮುಂಬೈಗೆ ಬೇರೆ ದಾರಿ ಇದೆ, ಅದು ನಮ್ಮ ಉಡುಪಿ ಹೋಟೆಲುಗಳ ಹಿಂಬಾಗಿಲಲ್ಲೇ ಇದೆ. ಮಾಟುಂಗಾದಲ್ಲಿ ನಾನು ವಡೆ ತಿನ್ನುವ ಹೋಟೆಲಿನವರನ್ನು ಕೇಳಿದೆ. "ಕಪ್ಪಾದ ಎಣ್ಣೆ ಡ್ರಮ್ಮಿಗೆ ಹಾಕಿಡ್ತೇವೆ ಮಾರಾಯ್ರೆ, ಗಾಡಿಯವ್ರು ಬಂದು ತಗೊಂಡು ಹೋಗ್ತಾರೆ" ಅಂದರು. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು, ನೂರಕ್ಕೆ 25 ದಾಟಿದರೆ ಅದರಲ್ಲಿ ಕರಿಯಬಾರದು ಅಂತ 2018ರಿಂದ ನಿಯಮವೇ ಇದೆ. ಆ ಎಣ್ಣೆಯನ್ನು ಸೋಸಿ, ನೀರು ತೆಗೆದು, ಮೊದಲು ಆಮ್ಲದಿಂದ ಹದ ಮಾಡಬೇಕು, ಇಲ್ಲದಿದ್ದರೆ ಕಾಯಿಸುವಾಗಲೇ ಬಿಡಿಯಾದ ಬಾಲಗಳು ಕ್ಷಾರ ಬಿದ್ದ ಕೂಡಲೇ ಸಾಬೂನಾಗುತ್ತವೆ. ಆಮೇಲೆ ಅದೇ ಮೆಥನಾಲ್, ಅದೇ ಬಯೋಡೀಸೆಲ್. ಡ್ರಮ್ಮಿನಲ್ಲಿ ಇರುವುದು ಹೆಚ್ಚಾಗಿ ಪಾಮ್ ಎಣ್ಣೆಯೇ ಆಗಿರಲಿ, ಬರ್ಲಿನ್‌ ಚಳಿಗೆ ಹೆಪ್ಪುಗಟ್ಟುವುದು ಮುಂಬೈ ಸೆಖೆಯಲ್ಲಿ ಆರಾಮಾಗಿ ಹರಿಯುತ್ತದೆ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಆ ಡ್ರಮ್ಮು ತೋರಿಸಬೇಕು.