ಹೊಡೆದ ಅಂದರೆ ಸಾಲದು, ಹೇಗೆ ಹೊಡೆದ ಹೇಳಿ

ಕನ್ನಡದ ದೂರು, ಅರ್ಜಿ, ಅಫಿಡವಿಟ್ಟುಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ವಕೀಲರ ಆಫೀಸಿನಿಂದ ಬರುತ್ತವೆ, ಅಪಘಾತ ಪರಿಹಾರದ ಕೇಸುಗಳಿಂದ ಬರುತ್ತವೆ. ಈ ಕಾಗದಗಳಲ್ಲಿ ಮತ್ತೆ ಮತ್ತೆ ಸಿಗುವ ಒಂದು ಪದ 'ಹೊಡೆ'. ನನ್ನ ಸಮಯವನ್ನು ಜಾಸ್ತಿ ತಿನ್ನುವುದೂ ಅದೇ.

ಗಂಡ ಹೊಡೆದ. ಲಾರಿ ಹೊಡೆಯಿತು. ಸಿಡಿಲು ಹೊಡೆಯಿತು. ಕರೆಂಟು ಹೊಡೆಯಿತು. ತೋಟಕ್ಕೆ ಔಷಧಿ ಹೊಡೆದರು. ಯಾರಿಗೂ ಗೊಂದಲ ಆಗುವುದಿಲ್ಲ, ಅಲ್ವಾ? ಹಾಗಂತ ಕನ್ನಡದಲ್ಲಿ ಬೇರೆ ಪದಗಳಿಲ್ಲ ಅಂತಲ್ಲ. ಗುದ್ದು, ಬಡಿ, ಬಾರಿಸು, ಚಚ್ಚು, ತಿವಿ, ಒದೆ, ಮೊಟಕು, ಅಪ್ಪಳಿಸು, ಎಷ್ಟು ಬೇಕು! ಆದರೆ ಪೆಟ್ಟು ತಿಂದು ಸ್ಟೇಷನ್ನಿಗೆ ಬಂದವರು ಪದ ಹುಡುಕುತ್ತಾ ಕೂರುವುದಿಲ್ಲ. 'ಹೊಡೆದ ಸಾರ್' ಅಂತಾರೆ, ಬರೆದುಕೊಳ್ಳುವವರೂ ಹಾಗೇ ಬರೆಯುತ್ತಾರೆ. ಅದು ನನ್ನ ಮೇಜಿಗೆ ಬಂದಾಗ ಇಂಗ್ಲಿಷ್ ನೂರು ಪ್ರಶ್ನೆ ಕೇಳುತ್ತದೆ. ಯಾವುದರಿಂದ? ಎಷ್ಟು ಸಲ? ಬೇಕಂತಲೇ ಹೊಡೆದದ್ದೋ, ತಾನಾಗಿ ತಾಗಿದ್ದೋ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಣ್ಣುಮಗಳ ಅಫಿಡವಿಟ್ಟು ಬಂತು. 'ಗಂಡ ಕುಡಿದು ಬಂದು ಹೊಡೆಯುತ್ತಿದ್ದ' ಅಂತ ಇತ್ತು. ನಾನು 'ಹಿಟ್' ಹಾಕಿ ಕಳಿಸಿದೆ. ಸಂಜೆ ವಕೀಲರು ಫೋನ್ ಮಾಡಿದರು. 'ಏನ್ರೀ ಇದು, ಒಂದೇ ಒಂದು ಸಲ ಹೊಡೆದ ಹಾಗೆ ಓದುತ್ತೆ?' ಅವರು ಹೇಳಿದ್ದು ಸರಿ. ಕನ್ನಡದಲ್ಲಿ 'ಹೊಡೆದ' ಬೇರೆ, 'ಹೊಡೆಯುತ್ತಿದ್ದ' ಬೇರೆ. ದಿನದಿನದ ಹಿಂಸೆ ಆ 'ಉತ್ತಿದ್ದ'ದಲ್ಲೇ ಇದೆ. ಇಂಗ್ಲಿಷಿನ ಬರಿ 'ಹಿಟ್' ಸಾಮಾನ್ಯವಾಗಿ ಒಂದು ಪೆಟ್ಟು. ಕೈಯಿಂದಾದರೂ ಸರಿ, ಕೋಲಿನಿಂದಾದರೂ ಸರಿ, ಕಾರಿನಿಂದಾದರೂ ಸರಿ, ಏನನ್ನೂ ಬಿಟ್ಟುಕೊಡದ ಪದ ಅದು. ಮೇಲಿಂದ ಮೇಲೆ ಬಿದ್ದರೆ 'ಬೀಟ್'. ಮೊಟ್ಟೆ ಬೀಟ್ ಮಾಡುತ್ತೇವೆ, ಹೃದಯದ ಬೀಟ್ ಅನ್ನುತ್ತೇವೆ, ತಮಟೆಯ ಬೀಟ್ ಅನ್ನುತ್ತೇವೆ, ಎಲ್ಲದರಲ್ಲೂ ಒಂದರ ಹಿಂದೆ ಒಂದು ಏಟು ಇದೆ. ಆದರೆ ಇದೇ ಪದ ಆಟದ ಸುದ್ದಿಯಲ್ಲಿ ಬಂದರೆ ಸೋಲಿಸುವುದು. ಕ್ರಿಕೆಟ್ ಕಾಮೆಂಟ್ರಿಯಲ್ಲಿ ಬ್ಯಾಟರ್ 'ಬೀಟನ್' ಅಂದರಂತೂ ಚೆಂಡು ಬ್ಯಾಟಿಗೆ ತಾಗಲೇ ಇಲ್ಲ ಅಂತ!

'ಸ್ಟ್ರೈಕ್' ಅಂದರೂ ಹೆಚ್ಚುಕಡಿಮೆ 'ಹಿಟ್' ಅಂತಲೇ. ಆದರೆ ಅದು ಇಸ್ತ್ರಿ ಬಟ್ಟೆ ಹಾಕಿಕೊಂಡ ಪದ. ಪೊಲೀಸ್ ವರದಿ, ಡಾಕ್ಟರ್ ವರದಿಯಲ್ಲಿ ಚೆನ್ನಾಗಿ ಕೂರುತ್ತದೆ. ಸಿಡಿಲಿಗೆ, ಗಡಿಯಾರದ ಗಂಟೆಗೆ ಅದೇ ಬೇಕು. ಅಣ್ಣತಮ್ಮಂದಿರ ಜಗಳದ ಮಾತಿನಲ್ಲಿ ಹಾಕಿದರೆ ಮಾತಾಡಿದವರ ದನಿಯೇ ಹೋಗುತ್ತದೆ.

ಇನ್ನು ಕೈ. ಅಂಗೈ ಬಿಚ್ಚಿದ್ದರೆ 'ಸ್ಲ್ಯಾಪ್', ಮುಷ್ಟಿ ಕಟ್ಟಿದ್ದರೆ 'ಪಂಚ್'. ಎಲ್ಲರಿಗೂ ಗೊತ್ತಿರುವುದೇ. ಆದರೂ 'ಮುಖಕ್ಕೆ ಹೊಡೆದ' ಅಂತಿದ್ದರೆ ಊಹೆ ಮಾಡಿ ಯಾವುದನ್ನೂ ಹಾಕಬಾರದು. ಯಾಕೆಂದರೆ ಆ ಫೈಲಿನಲ್ಲಿ ಆಸ್ಪತ್ರೆಯ ಗಾಯದ ಸರ್ಟಿಫಿಕೇಟೂ ಇರುತ್ತದೆ. ನಾನು ಕಪಾಳಕ್ಕೆ ಏಟು ಅಂತ ಬರೆದು, ಅದರಲ್ಲಿ ಮೂಗಿನ ಮೂಳೆ ಮುರಿದಿದೆ ಅಂತ ಇದ್ದರೆ, ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

'ಮೊಟಕು' ಅನ್ನುವ ಪದ ನನಗೆ ತುಂಬಾ ಇಷ್ಟ. ಬೆರಳು ಮಡಚಿ ಗೆಣ್ಣಿನಿಂದ ನೆತ್ತಿಗೆ ಒಂದು ಕೊಡುವುದು. ಯಾವುದರಿಂದ, ಎಲ್ಲಿಗೆ, ಎಷ್ಟು ಜೋರು, ಎಲ್ಲವೂ ಒಂದೇ ಪದದಲ್ಲಿದೆ. 'ಮೇಷ್ಟ್ರು ತಲೆಗೆ ಮೊಟಕಿದರು' ಅನ್ನುವುದಕ್ಕೆ ತಲೆಗೆ ಹಿಟ್ ಅಂತ ಬರೆದರೆ ಓದಿದವರು ಸ್ಕ್ಯಾನಿಂಗ್ ಮಾಡಿಸಿದ್ದೀರಾ ಅಂತ ಕೇಳಿಯಾರು. ಹತ್ತಿರದ ಇಂಗ್ಲಿಷ್ ಪದ 'ರ‍್ಯಾಪ್'. ಚುರುಕಾದ, ಸಣ್ಣ, ಗಟ್ಟಿ ಏಟು. ಜೊತೆಗೆ ಗೆಣ್ಣಿನಿಂದ ಅಂತ ಬಿಡಿಸಿ ಬರೆಯಬೇಕು. ಗೆಣ್ಣಿನ ಮೇಲೆ ರ‍್ಯಾಪ್ ಅಂತ ತಿರುಗಿಸಿದಿರೋ, ಅದು ಸುಮ್ನೆ ಗದರಿಸಿ ಬಿಟ್ಟರು ಅನ್ನುವ ಅರ್ಥಕ್ಕೆ ಹೋಗುತ್ತದೆ.

'ಹಲ್ಲೆ' ಬಂದಲ್ಲಿ ನಾನು ಪೆನ್ನು ಕೆಳಗಿಡುತ್ತೇನೆ. ನಮ್ಮ ಪೇಪರುಗಳಲ್ಲಿ ಹಲ್ಲೆ ಅಂದರೆ ಏಟು ಬಿದ್ದಿದೆ ಅಂತಲೇ. ಎಲ್ಲರೂ ಅದಕ್ಕೆ 'ಅಸಾಲ್ಟ್' ಹಾಕುತ್ತಾರೆ. ಆದರೆ ನಮ್ಮ ಕಾನೂನಿನ ಅಸಾಲ್ಟಿಗೆ ಮೈ ಮುಟ್ಟಲೇಬೇಕಾಗಿಲ್ಲ. 1860ರ ದಂಡ ಸಂಹಿತೆಯ 351ನೇ ಕಲಮು, 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 130ನೇ ಕಲಮು, ಎರಡೂ ಒಂದೇ ಮಾತು ಹೇಳುತ್ತವೆ: ಈಗ ಹೊಡೆದೇಬಿಡುತ್ತಾನೆ ಅನ್ನುವ ಭಯ ಎದುರಿನವರಿಗೆ ಆಗಲಿ ಅಂತ, ಅಥವಾ ಆಗಬಹುದು ಅಂತ ಗೊತ್ತಿದ್ದೂ, ಕೈ ಎತ್ತಿದರೆ ಸಾಕು. ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳೂ ಹಾಗೇ ಇವೆ. ಒಬ್ಬ ಮುಷ್ಟಿ ಅಲ್ಲಾಡಿಸುತ್ತಾನೆ. ಇನ್ನೊಬ್ಬ ಕಚ್ಚುವ ನಾಯಿಯ ಬಾಯಿಕುಕ್ಕೆ ಬಿಚ್ಚಲು ಹೊರಡುತ್ತಾನೆ. ಏಟು ಬಿದ್ದಿಲ್ಲ, ಅಪರಾಧ ಆಗಿದೆ. ಹಾಗಾಗಿ ಬರಿ ಅಸಾಲ್ಟ್ ಅಂತ ಬರೆದರೆ ಬಿದ್ದ ಏಟು ಕಾಗದದಲ್ಲಿ ಕಾಣದೇ ಹೋಗಬಹುದು. ಏನು ಮಾಡಿದ ಅನ್ನುವುದನ್ನು ಪಕ್ಕದಲ್ಲೇ ಬರೆಯಬೇಕು.

ಅಪಘಾತದ ಕೇಸುಗಳಿಗೆ ಬಂದರೆ ಇಂಡಿಯಾದ ಇಂಗ್ಲಿಷಿಗೆ ತನ್ನದೇ ಒಂದು ಪದ ಇದೆ: 'ಡ್ಯಾಶ್'. ಲಾರಿ ಬಂದು ಬೈಕಿಗೆ ಡ್ಯಾಶ್ ಮಾಡಿತು ಅಂತ ಎಫ್‌ಐಆರ್‌ನಲ್ಲೂ ತೀರ್ಪಿನಲ್ಲೂ ಕಾಣುತ್ತದೆ, ಇಲ್ಲಿನ ಕೋರ್ಟಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿಗೆ ಅದು ಸರಿಯೇ, ನಾನು ತಿದ್ದುವುದಿಲ್ಲ. ಆದರೆ ಅದೇ ಕಾಗದ ಲಂಡನ್ನಿಗೋ ಅಮೆರಿಕಕ್ಕೋ ಹೋಗುವುದಿದ್ದರೆ ಬದಲಾಯಿಸುತ್ತೇನೆ. ಅಲ್ಲಿ ಡ್ಯಾಶ್ ಅಂದ ಕೂಡಲೇ ತಲೆಗೆ ಬರುವುದು ಅವಸರದಲ್ಲಿ ಓಡುವುದು.

'ಕೊಲೈಡ್' ಇನ್ನೂ ಸೂಕ್ಷ್ಮ. ಎರಡೂ ಚಲಿಸುತ್ತಿದ್ದರೆ ಮಾತ್ರ ಆ ಪದ ಬಳಸಬೇಕು ಅನ್ನುವುದು ಪತ್ರಿಕಾ ಸಂಪಾದಕರ ಹಳೇ ನಿಯಮ. ಈಗ ಎಲ್ಲರೂ ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ನಾನು ಪಾಲಿಸುತ್ತೇನೆ. ರಾತ್ರಿ ದೀಪ ಇಲ್ಲದೆ ರಸ್ತೆ ಪಕ್ಕ ನಿಂತಿದ್ದ ಲಾರಿಗೆ ಹಿಂದಿನಿಂದ ಬೈಕು ಗುದ್ದಿದೆ ಅಂದುಕೊಳ್ಳಿ. ಲಾರಿ ನಿಂತಿತ್ತೋ ಓಡುತ್ತಿತ್ತೋ ಅನ್ನುವುದರ ಮೇಲೆ ತಪ್ಪಿನಲ್ಲಿ ಯಾರ ಪಾಲೆಷ್ಟು, ಆ ಮನೆಯವರಿಗೆ ಪರಿಹಾರ ಎಷ್ಟು ಅನ್ನುವ ಲೆಕ್ಕವೇ ಬದಲಾಗಬಹುದು. ಅಂಥಲ್ಲಿ ಕೊಲೈಡ್ ಅಂತ ಬರೆದರೆ ಆ ವ್ಯತ್ಯಾಸ ಮಸುಕಾಗುತ್ತದೆ. ಹಡಗಿನ ಕಾನೂನಿನವರು ಇದಕ್ಕೆ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ: ನಿಂತ ವಸ್ತುವಿಗೆ ಹಡಗು ಬಡಿದರೆ 'ಅಲಿಷನ್'. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಅನ್ನುವ ಹಡಗು ಸೇತುವೆಯ ಕಂಬಕ್ಕೆ ಬಡಿದು, ಸೇತುವೆ ಬಿದ್ದು 6 ಜನ ಕೆಲಸಗಾರರು ಸತ್ತರಲ್ಲ, ಅದು ಈ ಜಾತಿಯದು.

'ರ‍್ಯಾಮ್' ಪದವನ್ನು ನಮ್ಮ ಇಂಗ್ಲಿಷ್ ಪೇಪರುಗಳು ಧಾರಾಳವಾಗಿ ಬಳಸುತ್ತವೆ. ರ‍್ಯಾಮ್ ಅಂದರೆ ಟಗರು. ಟಗರು ಹೇಗೆ ಗುದ್ದುತ್ತದೆ? ಹಿಂದೆ ಸರಿದು, ತಲೆ ತಗ್ಗಿಸಿ, ಬೇಕಂತಲೇ ನುಗ್ಗಿ. ಆ ನೆರಳು ಪದದಲ್ಲಿ ಇನ್ನೂ ಇದೆ. ಬ್ರೇಕ್ ಫೇಲ್ ಆಗಿ ಗೋಡೆಗೆ ಹೋದ ಬಸ್ಸಿನ ಡ್ರೈವರಿನ ಹೇಳಿಕೆಯಲ್ಲಿ ನಾನು ಅದನ್ನು ಹಾಕುವುದಿಲ್ಲ, 'ಕ್ರ್ಯಾಶ್' ಹಾಕುತ್ತೇನೆ. ಅದರಲ್ಲಿ ಸದ್ದಿದೆ, ನಜ್ಜುಗುಜ್ಜಿದೆ, ಉದ್ದೇಶ ಇಲ್ಲ. ಪಾರ್ಕಿಂಗಿನಲ್ಲಿ ಹಿಂದಿನ ಕಾರಿಗೆ ಸ್ವಲ್ಪ ತಾಗಿತು ಅಂದರೆ 'ಬಂಪ್' ಸಾಕು.

ಆ ಹೆಣ್ಣುಮಗಳ ಅಫಿಡವಿಟ್ಟಿಗೆ ವಾಪಸ್ ಬರುತ್ತೇನೆ. ಅದಿನ್ನೂ ಕೋರ್ಟಿಗೆ ಹೋಗಿರಲಿಲ್ಲ. ಅನುವಾದಕ ತಾನಾಗಿ ಒಂದು ಪದವನ್ನೂ ಸೇರಿಸುವ ಹಾಗಿಲ್ಲ, ಆದರೆ ಇಲ್ಲಿ ಸ್ಪಷ್ಟವಿಲ್ಲ ಅಂತ ವಕೀಲರಿಗೆ ಹೇಳಬಹುದು. ಹೇಳಿದೆ. ಅವರು ಅವಳನ್ನೂ ಅವಳ ತಾಯಿಯನ್ನೂ ಆಫೀಸಿಗೆ ಕರೆಸಿದರು, ನಾನೂ ಮೂಲೆಯಲ್ಲಿ ಕೂತಿದ್ದೆ.

'ಕೊನೇ ಸಲ ಹೇಗೆ ಹೊಡೆದ ಅಂತ ತೋರಿಸಮ್ಮಾ' ಅಂದರು ವಕೀಲರು.

ಅವಳು ಅಂಗೈ ಬಿಚ್ಚಿ ಗಾಳಿಯಲ್ಲಿ ಬೀಸಿದಳು. ನಾನು ಸ್ಲ್ಯಾಪ್ ಅಂತ ಗುರುತು ಹಾಕಿಕೊಂಡೆ. ಆಮೇಲೆ ಅವಳು ತಾಯಿಯ ಮುಖ ನೋಡಿ, ಬಲಗೈ ಇಳಿಸಿ ಎಡಗೈ ಎತ್ತಿದಳು.

'ಈ ಕೈಲಿ ಸಾರ್. ಅವರು ಎಡಚರು.'

ವಕೀಲರು ಫೈಲು ತಿರುವಿ ಗಾಯದ ಸರ್ಟಿಫಿಕೇಟು ತೆಗೆದರು. ಬಲಗೆನ್ನೆಯ ಮೇಲೆ ಬಾವು ಅಂತ ಡಾಕ್ಟರು ಬರೆದಿದ್ದರು. ಅಫಿಡವಿಟ್ಟಿನ ಆ ಪ್ಯಾರಾವನ್ನು ಅವಳ ಮಾತಿನಲ್ಲೇ ಹೊಸದಾಗಿ ಟೈಪ್ ಮಾಡಿಸಿದರು.