ಪಾಬ್ಲೋ ಯಾವತ್ತೂ ಪಾಟೀಸವಾಲಿಗೆ ನಿಂತವನಲ್ಲ

ಡ್ರಗ್ಸ್ ಕೇಸು ನಡೆಸೋ ವಕೀಲ ಅಂತ ಗೊತ್ತಾದ ಕೂಡ್ಲೇ ಹುಡುಗರು ಕೇಳೋದು ಒಂದೇ, ಸರ್ ಪಾಬ್ಲೋ ಎಸ್ಕೋಬಾರ್ ಬಗ್ಗೆ ಯಾವ ಬುಕ್ ಓದ್ಲಿ ಅಂತ. ಕೊಲಂಬಿಯಾದಿಂದ ಕೊಕೇನ್ ಸಾಗಿಸ್ತಿದ್ದ ಗುಂಪಿನ ದೊರೆ ಅವನು. ಲಾ ಕಾಲೇಜಿನವರೂ ಕೇಳ್ತಾರೆ, ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಜೂನಿಯರ್‌ಗಳೂ ಕೇಳ್ತಾರೆ. ಓದಿ, ಖಂಡಿತ ಓದಿ, ಆದ್ರೆ ಕಟಕಟೆಯಲ್ಲಿ ನಿಂತ ಸಾಕ್ಷಿ ಮಾತು ಕೇಳ್ತೀವಲ್ಲ ಹಂಗೆ ಓದಿ ಅಂತೀನಿ. ಹೇಳ್ತಿರೋನು ಯಾರು, ಅವನಿಗೆ ಹೆಂಗೆ ಗೊತ್ತಾಯ್ತು, ಹೇಳೋದ್ರಿಂದ ಅವನಿಗೇನು ಲಾಭ, ಇಷ್ಟನ್ನ ಪ್ರತಿ ಪುಟದಲ್ಲೂ ಕೇಳ್ಕೊಳ್ಳಿ.

ಎಲ್ರಿಗೂ ಗೊತ್ತಿರೋ ಒಂದು ಕಥೆ ತಗೊಳ್ಳೋಣ. ನೋಟಿನ ಕಟ್ಟು ಕಟ್ಟೋ ರಬ್ಬರ್ ಬ್ಯಾಂಡಿಗೇ ತಿಂಗಳಿಗೆ 2,500 ಡಾಲರ್ ಖರ್ಚಾಗ್ತಿತ್ತು, ಇಲಿ ತಿಂದು ತೇವ ಹಿಡಿದು ವರ್ಷಕ್ಕೆ ಶೇಕಡ 10ರಷ್ಟು ದುಡ್ಡು ಹಾಳಾಗ್ತಿತ್ತು ಅಂತ. ಇದು ಹರಡಿದ್ದು ಪಾಬ್ಲೋನ ಸ್ವಂತ ಅಣ್ಣ ರೊಬೆರ್ಟೊ 2009ರಲ್ಲಿ ತಂದ ಪುಸ್ತಕದಿಂದ. ಲೆಕ್ಕ ನೋಡ್ಕೊಳ್ತಿದ್ದವನೂ ಅವನೇ, ಹೇಳ್ತಿರೋನೂ ಅವನೇ. ಅಲ್ಲಿಂದ ಬೇರೆಯವರು ಎತ್ಕೊಂಡ್ರು, ಈಗ ಹತ್ತು ಕಡೆ ಓದಿದೋರಿಗೆ ಹತ್ತು ಸಾಕ್ಷಿ ಇದ್ದ ಹಂಗೆ ಕಾಣತ್ತೆ, ಇರೋ ಸಾಕ್ಷಿ ಒಬ್ನೇ. ಸುಳ್ಳು ಅಂತ ನಾನು ಹೇಳ್ತಿಲ್ಲ, ಯಾರೂ ಕ್ರಾಸ್ ಮಾಡಿ ನೋಡಿಲ್ಲ ಅಂತಿದೀನಿ. ಪೊಪೆಯೆ ಅಂತ ಕರೀತಿದ್ದ ಅವನ ಬಂಟ ವೆಲಾಸ್ಕೆಸ್ ಕಥೇನೂ ಅಷ್ಟೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಜೈಲಲ್ಲಿದ್ದು 2014ರಲ್ಲಿ ಹೊರಗೆ ಬಂದ, ಯೂಟ್ಯೂಬ್ ಚಾನೆಲ್ ಮಾಡ್ದ, ತಾನು ಕೊಂದವರ ಲೆಕ್ಕ ಹೇಳ್ಕೊಂಡೇ ಫೇಮಸ್ ಆದ, 2020ರಲ್ಲಿ ತೀರಿಕೊಂಡ. ಲೆಕ್ಕ ದೊಡ್ಡದಾದಷ್ಟೂ ನೋಡೋರು ಜಾಸ್ತಿ ಅನ್ನೋ ಕಡೆ ಕೂತು ಹೇಳೋ ಮಾತಿಗೆ ಎಷ್ಟು ತೂಕ ಕೊಡ್ಬೇಕು ಅಂತ ನೀವೇ ಯೋಚ್ನೆ ಮಾಡಿ.

ಪಾಬ್ಲೋ ಬಗ್ಗೆ ಇಂಥ ಮಾತು ಇಷ್ಟೊಂದು ಓಡಾಡೋಕೆ ಕಾನೂನಿನ ಕಡೆಯಿಂದಲೇ ಒಂದು ಕಾರಣ ಇದೆ. ಕೊಲಂಬಿಯಾ ಅಮೆರಿಕ ಮಧ್ಯೆ 1979ರಲ್ಲಿ ಗಡೀಪಾರು ಒಪ್ಪಂದ ಆಯ್ತು, ಅಂದ್ರೆ ಆರೋಪೀನ ಹಿಡಿದು ಅಲ್ಲಿನ ಕೋರ್ಟಿಗೆ ಒಪ್ಪಿಸಬಹುದು. ಪಾಬ್ಲೋ ಗುಂಪಿನೋರು ಹೆದರಿದ್ದು ಅದೊಂದಕ್ಕೇ. ಅಮೆರಿಕದ ಜೈಲಿಗಿಂತ ಕೊಲಂಬಿಯಾದಲ್ಲಿ ಸಮಾಧಿಯೇ ವಾಸಿ ಅಂತ ಘೋಷಣೆ ಮಾಡ್ಕೊಂಡಿದ್ರು. ಕೊಲಂಬಿಯಾದಲ್ಲಾದ್ರೆ ಜಡ್ಜನ್ನ ಕೊಂಡ್ಕೋಬಹುದು, ಆಗ್ಲಿಲ್ಲ ಅಂದ್ರೆ ಕೊಲ್ಲಿಸಬಹುದು, ಅಮೆರಿಕದಲ್ಲಿ ಆ ಆಟ ನಡೆಯಲ್ಲ. ಬಾಂಬು, ಕಿಡ್ನ್ಯಾಪು, 1989ರ ನವೆಂಬರ್‌ನಲ್ಲಿ ಆವಿಯಾಂಕಾ ವಿಮಾನ ಸ್ಫೋಟಿಸಿ ಒಳಗಿದ್ದ 107 ಜನರನ್ನೂ ಕೊಂದಿದ್ದು, ಎಲ್ಲಾ ಆ ಹೆದರಿಕೆ ಕಾಲದ್ದೇ. ಕೊನೆಗೆ 1991ರ ಜೂನ್ 19ಕ್ಕೆ ಸಂವಿಧಾನ ಸಭೆ ಗಡೀಪಾರು ನಿಷೇಧಕ್ಕೆ ವೋಟು ಹಾಕ್ತು, ಅದೇ ದಿನ ಅವನು ಶರಣಾದ, ತನಗೆ ಬೇಕಾದ ಹಂಗೆ ಕಟ್ಟಿಸಿಕೊಂಡಿದ್ದ ಜೈಲಿಗೆ ಹೋದ, ಮುಂದಿನ ವರ್ಷ ಜುಲೈನಲ್ಲಿ ಅಲ್ಲಿಂದ ತಪ್ಪಿಸಿಕೊಂಡ, 1993ರ ಡಿಸೆಂಬರ್ 2ಕ್ಕೆ ಮೆಡಿಲಿನ್‌ನಲ್ಲಿ ಗುಂಡೇಟಿಗೆ ಸತ್ತ. ಹಿಂಗಾಗಿ ಇವನ ಮೇಲಿನ ದೊಡ್ಡ ಆರೋಪಗಳ ಪುರಾವೆಯನ್ನ ಒಂದು ಗಟ್ಟಿ ಕೋರ್ಟು ಎರಡೂ ಕಡೆ ಕೇಳಿ ತೂಗಿ ನೋಡೋ ಕೆಲಸ ಆಗ್ಲೇ ಇಲ್ಲ.

ಹಂಗಂತ ಗಟ್ಟಿ ಪುರಾವೆ ಇರೋ ಭಾಗ ಇಲ್ಲ ಅಂತಲ್ಲ. 1984ರ ಮಾರ್ಚ್‌ನಲ್ಲಿ ಟ್ರಾಂಕಿಲಾಂಡಿಯಾ ಅನ್ನೋ ಕಾಡಿನ ಕೊಕೇನ್ ಲ್ಯಾಬ್ ಮೇಲೆ ನಡೆದ ದಾಳಿ ನನಗೆ ತುಂಬಾ ಇಷ್ಟವಾದ ಅಧ್ಯಾಯ. ಕೊಕೇನ್ ಪುಡಿ ಮಾಡೋಕೆ ಈಥರ್ ಅನ್ನೋ ಕೆಮಿಕಲ್ ಬೇಕು, ಡ್ರಮ್ಮುಗಟ್ಟಲೆ ಬೇಕು. ಅಮೆರಿಕದ ಒಂದು ಕೆಮಿಕಲ್ ಕಂಪನಿಗೆ ಒಬ್ಬ ಬಂದು ಕ್ಯಾಶ್ ಕೊಡ್ತೀನಿ, ರಾಶಿ ಈಥರ್ ಬೇಕು ಅಂದ, ಅವರು ಅಮೆರಿಕದ ಡ್ರಗ್ಸ್ ತಡೆ ಸಂಸ್ಥೆ ಡಿಇಎಗೆ ತಿಳಿಸಿದ್ರು, ಡಿಇಎಯವರು ಎರಡು ಡ್ರಮ್ಮಿನಲ್ಲಿ ಸಿಗ್ನಲ್ ಕಳಿಸೋ ಯಂತ್ರ ಅಡಗಿಸಿ ಕಳಿಸಿದ್ರು, ಆ ಸಿಗ್ನಲ್ಲು ಹೋಗಿ ನಿಂತಿದ್ದು ಕೊಲಂಬಿಯಾದ ಯಾರಿ ನದಿ ದಂಡೆಯ ಕಾಡಲ್ಲಿ. ಸಿಕ್ಕಿದ್ದು 13 ಟನ್‌ಗೂ ಹೆಚ್ಚು ಕೊಕೇನ್. ಇಲ್ಲಿ ಯಾರ ಬಡಾಯೀನೂ ನಂಬಬೇಕಾಗಿಲ್ಲ, ಡ್ರಮ್ಮಿದೆ, ಬಿಲ್ಲಿದೆ, ವಶಪಡಿಸಿಕೊಂಡ ಮಾಲಿದೆ. ನಮ್ಮ ದೇಶದ ಮಾದಕ ವಸ್ತು ಕಾಯ್ದೆ ಎನ್‌ಡಿಪಿಎಸ್ ಕೂಡ ಹೆರಾಯಿನ್ ಮಾಡೋಕೆ ಬೇಕಾಗೋ ಅಸೆಟಿಕ್ ಅನ್‌ಹೈಡ್ರೈಡ್ ಅನ್ನೋ ಕೆಮಿಕಲ್ ಮೇಲೆ ಕಣ್ಣಿಟ್ಟಿರೋದು ಇದೇ ಲೆಕ್ಕದಲ್ಲಿ.

ಕೋರ್ಟಲ್ಲಿ ಪರೀಕ್ಷೆಯಾದ ಕಥೆ ಬೇಕು ಅಂದ್ರೆ ಮೆಕ್ಸಿಕೋದ ಡ್ರಗ್ಸ್ ದೊರೆ ಎಲ್ ಚಾಪೋ ಗುಸ್ಮಾನ್ ಕೇಸಿನ ಮೇಲೆ ಬಂದಿರೋ ಪುಸ್ತಕಗಳಿಗೆ ಹೋಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2018ರ ನವೆಂಬರ್‌ನಿಂದ 2019ರ ಫೆಬ್ರವರಿವರೆಗೆ ವಿಚಾರಣೆ, ಪ್ರಾಸಿಕ್ಯೂಷನ್ ಕಡೆಯಿಂದ 56 ಸಾಕ್ಷಿಗಳು, ಅದ್ರಲ್ಲಿ 14 ಜನ ಸರ್ಕಾರದ ಜೊತೆ ಕೈಜೋಡಿಸಿದ ಹಳೇ ಕೂಟದೋರು, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೆಚ್ಚುಕಮ್ಮಿ ಮಾಫಿಸಾಕ್ಷಿಗಳು. ಅವರಲ್ಲೊಬ್ಬ, ಕೊಲಂಬಿಯಾದ ರಾಮಿರೆಸ್ ಅಬಾದಿಯಾ, ಸುಮಾರು 150 ಕೊಲೆ ಮಾಡಿಸಿದೀನಿ ಅಂತ ಅಲ್ಲೇ ಒಪ್ಪಿಕೊಂಡ. ಇಂಥವನ ಮಾತನ್ನ ಹೆಂಗೆ ನಂಬೋದು ಅಂತ ಆರೋಪಿ ಪರ ವಕೀಲರು ಕೇಳಿದ್ದು ನ್ಯಾಯವಾಗೇ ಇತ್ತು, ನಾನಾಗಿದ್ರೂ ಕೇಳ್ತಿದ್ದೆ. ಜೊತೆ ಸೇರಿ ತಪ್ಪು ಮಾಡಿದವನ ಮಾತಿಗೆ ಬೇರೆ ಪುರಾವೆಯ ಆಸರೆ ಬೇಕು ಅನ್ನೋದು ನಮ್ಮ ಕೋರ್ಟುಗಳಲ್ಲೂ ಹಳೇ ರೂಢಿ. ಆ ಕೇಸಲ್ಲಿ ಆಸರೆ ಸಿಕ್ಕಿದ್ದು ಗುಸ್ಮಾನ್‌ಗೆ ಗುಪ್ತ ಫೋನ್ ವ್ಯವಸ್ಥೆ ಮಾಡಿಕೊಟ್ಟಿದ್ದ ಇಂಜಿನಿಯರ್ ಎಫ್‌ಬಿಐ ಕಡೆ ಸೇರ್ಕೊಂಡಿದ್ರಿಂದ, ಗುಸ್ಮಾನ್‌ನ ಸ್ವಂತ ದನಿಯೇ ರೆಕಾರ್ಡಿಂಗ್‌ನಲ್ಲಿ ಕೋರ್ಟಿಗೆ ಕೇಳಿಸ್ತು. ಹತ್ತಕ್ಕೆ ಹತ್ತೂ ಆರೋಪ ರುಜುವಾತಾಯ್ತು. ಅವನ ವಿರುದ್ಧ ಸಾಕ್ಷಿ ಹೇಳಿದ ಪಾಲುದಾರನ ಮಗ ವಿಸೆಂಟೆ ಸಂಬಾಡಾಗೆ 15 ವರ್ಷ ಶಿಕ್ಷೆ, ಗುಸ್ಮಾನ್‌ಗೆ ಜೀವಾವಧಿ ಮೇಲೆ ಇನ್ನೂ 30 ವರ್ಷ. ಮಾಫಿಸಾಕ್ಷಿಗೆ ಏನು ಸಿಕ್ತು ಅನ್ನೋದನ್ನ ಮುಚ್ಚಿಡದೇ ಬರೆದಿರೋ ಪುಸ್ತಕ ಆಗಿದ್ರೆ ಅದನ್ನ ನಂಬಿ ಓದಬಹುದು.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಪಾಬ್ಲೋ ಸಾಕಿದ್ದ ಹಿಪ್ಪೋಪೊಟಮಸ್‌ಗಳಿಗೆ ಒಂದು ಪೂರ್ತಿ ಅಧ್ಯಾಯ ಕೊಡೋರು ಗಿಯೆರ್ಮೊ ಕಾನೋಗೆ ಎರಡು ಪ್ಯಾರಾ ಕೊಡ್ತಾರೆ. ಕೊಲಂಬಿಯಾದ ಎಲ್ ಎಸ್ಪೆಕ್ತಾದೋರ್ ಪತ್ರಿಕೆಯ ಸಂಪಾದಕರು ಅವರು. ಪಾಬ್ಲೋ ಸಂಸತ್ತಿಗೆ ಹೋಗಿ ನಾನು ಸಾಚಾ ಅಂತಿದ್ದಾಗ 1976ರಲ್ಲಿ ಅವನು ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ದಿದ್ದ ಸುದ್ದೀನ ತಮ್ಮ ಪತ್ರಿಕೆಯ ಹಳೇ ಸಂಚಿಕೆಯಿಂದ ಹುಡುಕಿ ತೆಗೆದು 1983ರ ಆಗಸ್ಟ್‌ನಲ್ಲಿ ಮತ್ತೆ ಅಚ್ಚು ಹಾಕಿಸಿದ್ರು. 1986ರ ಡಿಸೆಂಬರ್ 17ಕ್ಕೆ ಆಫೀಸಿನ ಹೊರಗೆ ಕಾರಲ್ಲೇ ಅವರನ್ನ ಗುಂಡಿಟ್ಟು ಕೊಂದ್ರು. ಅವರ ಕುಟುಂಬದ ಪರ ನಿಂತ ವಕೀಲ ಹೆಕ್ಟರ್ ಹಿರಾಲ್ಡೊ ಅವರನ್ನ 1989ರ ಮಾರ್ಚಲ್ಲಿ ಕೊಂದ್ರು. ಆ ಕೊಲೆ ಕೇಸಲ್ಲಿ ಪಾಬ್ಲೋ ವಿರುದ್ಧದ ಆದೇಶ ಎತ್ತಿಹಿಡಿದ ನ್ಯಾಯಾಧೀಶ ಕಾರ್ಲೊಸ್ ವಾಲೆನ್ಸಿಯಾ ಅವರನ್ನ ಅದೇ ಆಗಸ್ಟ್ 16ಕ್ಕೆ ಕೊಂದ್ರು. ಬೆದರಿಕೆ ಇದೆ ಅಂತ ಗೊತ್ತಿದ್ದೂ ಫೈಲು ತೆಗೆದು ಸಹಿ ಹಾಕಿದ ಜನ ಇವರು.

ಅದಕ್ಕೇ ಅಂಗಡಿಯಲ್ಲಿ ಇಂಥ ಪುಸ್ತಕ ಕೈಗೆ ಬಂದ್ರೆ ನಾನು ಹಿಂದಿನ ಪುಟಗಳಲ್ಲಿರೋ ಹೆಸರುಗಳ ಪಟ್ಟಿ ಮೊದ್ಲು ತೆಗೀತೀನಿ, ಹಿರಾಲ್ಡೊ, ವಾಲೆನ್ಸಿಯಾ ಅನ್ನೋ ಎರಡು ಹೆಸರು ಹುಡುಕ್ತೀನಿ. ಎರಡೂ ಇಲ್ಲ ಅಂದ್ರೆ ದುಡ್ಡು ಕೊಡಲ್ಲ.