ಟೆಕ್ಸ್ಟ್ ನೆಕ್: ಗೋಣು ಬಗ್ಗಿಸುವುದಕ್ಕಿಂತ ಬಗ್ಗಿಸಿಯೇ ಕೂಡುವುದು ಕೆಟ್ಟದ್ದು

ವಿಜಯಪುರದ ಕಡೆ ಕುತ್ತಿಗೆಗೆ ಗೋಣು ಅಂತಾರೆ. ಬೆಳಿಗ್ಗೆ ಎದ್ದಾಗ ಅದು ತಿರುಗದಿದ್ದರೆ ‘ಗೋಣು ಹಿಡದೈತಿ’ ಅಂದು, ಎಣ್ಣೆ ಕಾಸಿ ತಿಕ್ಕಿಸಿಕೊಂಡು, ದಿಂಬನ್ನು ಬೈದು ಕೆಲಸಕ್ಕೆ ಹೋಗುವುದು ರೂಢಿ. ಆದರೆ ಫಿಸಿಯೊಥೆರಪಿ ಮಾಡುವ ನನ್ನ ಹತ್ತಿರ ಈಗ 17–18 ವಯಸ್ಸಿನವರು ವಾರಗಟ್ಟಲೆ ಬಿಡದ ಗೋಣುನೋವು ಹೊತ್ತು ಬರುತ್ತಾರೆ. ಮೊನ್ನೆ ಪಿಯುಸಿ ಓದುವ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು.

“ಮನ್ಯಾಗ ಮೊಬೈಲ್ ಹೆಂಗ ನೋಡ್ತೀಯವಾ, ಕುಂತು ತೋರ್ಸು” ಅಂದೆ.

ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು, ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಗದ್ದ ಹೆಚ್ಚುಕಡಿಮೆ ಎದೆಗೆ ತಾಗಿತು, ಕತ್ತಿನ ಬುಡದ ಎಲುಬು ಅಂಗಿಯ ಮೇಲಿಂದಲೂ ಗುಬುಟಾಗಿ ಕಂಡಿತು. ಎಷ್ಟು ಹೊತ್ತು ಹೀಗೆ ಅಂದರೆ, “ಕ್ಲಾಸ್ ಮುಗಿಯೂತನಕ ರೀ.” ತಾಯಿಗೆ ಗಾಬರಿ: “ಸರ್ವೈಕಲ್ ಆಗೇತೇನ್ರಿ? ಗೋಣಿಗಿ ಕಟ್ಟೂ ಪಟ್ಟಾ ತರಬೇಕೇನ್ರಿ?”

‘ಸರ್ವೈಕಲ್’ ರೋಗದ ಹೆಸರಲ್ಲ. ಕುತ್ತಿಗೆಗೆ ಸಂಬಂಧಿಸಿದ್ದು ಅನ್ನುವುದಷ್ಟೇ ಅದರ ಅರ್ಥ. ವಯಸ್ಸಾದಂತೆ ಕುತ್ತಿಗೆಯ 7 ಮೂಳೆಗಳೂ ನಡುವಿನ ಮೆತ್ತೆಗಳೂ ಸವೆಯುವುದು ಸ್ಪಾಂಡಿಲೋಸಿಸ್. ಈ ಹುಡುಗಿಯದು ಅದಲ್ಲ. ಫೋನು, ಟ್ಯಾಬ್, ಲ್ಯಾಪ್‌ಟಾಪಿಗೆ ತಲೆ ತಗ್ಗಿಸಿ ಗಂಟೆಗಟ್ಟಲೆ ಕೂತವರ ಕುತ್ತಿಗೆ, ಭುಜ, ತಲೆಯ ಹಿಂಭಾಗದಲ್ಲಿ ಬರುವ ಬಿಗಿತ ಮತ್ತು ನೋವನ್ನು ಜನ ‘ಟೆಕ್ಸ್ಟ್ ನೆಕ್’ ಅಂತ ಕರೆಯುತ್ತಾರೆ.

ಏಕೆ ನೋಯುತ್ತದೆ? ತುಂಬಿದ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಓಣಿ ದಾಟಬಹುದು. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿದರೆ ಹತ್ತು ಹೆಜ್ಜೆಗೇ ತೋಳು ನಡುಗುತ್ತದೆ. ತಲೆಯೂ ಹಾಗೆಯೇ. ನೆಟ್ಟಗಿದ್ದಾಗ ಅದರ 4.5–5.5 ಕಿಲೋ ಭಾರ ಮೂಳೆಗಳ ಮೇಲೆ ನೇರ ಇಳಿಯುತ್ತದೆ. ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಜಗ್ಗಿ ಹಿಡಿಯಬೇಕು. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದರು: 15 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ ಸುಮಾರು 12 ಕಿಲೋ, 60 ಡಿಗ್ರಿಗೆ 27 ಕಿಲೋ.

ಈ 27 ಕಿಲೋ ವಾಟ್ಸಾಪಿನಲ್ಲಿ ಊರೂರು ಸುತ್ತಿ ಅನೇಕರನ್ನು ಹೆದರಿಸಿದೆ. ಅದು ಲೆಕ್ಕದ ಮಾದರಿ, ನೋವಿನ ಅಳತೆಯಲ್ಲ. ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ 18ರಿಂದ 21 ವಯಸ್ಸಿನ 150 ಜನರನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಗ್ಗಿದ ಗೋಣಿಗೂ ಕುತ್ತಿಗೆ ನೋವಿಗೂ ನೇರ ನಂಟು ಕಾಣಲಿಲ್ಲ. ನನಗೆ ಇದು ಸೋಜಿಗವಲ್ಲ. ಬಗ್ಗುವುದಕ್ಕೆಂದೇ ಇರುವ ಅಂಗ ಅದು. ಕೆಡಿಸುವುದು ಅಲುಗಾಡದೆ ಕೂಡುವುದು, ಜೊತೆಗೆ ನಿದ್ದೆಗೇಡಿತನ, ಪರೀಕ್ಷೆಯ ಒತ್ತಡ, ಆಟವಿಲ್ಲದೆ ಸೋತ ಸ್ನಾಯು. ಆದ್ದರಿಂದಲೇ ಪಟ್ಟಾ ಬೇಡ ಅಂದೆ. ಅದನ್ನು ಹಾಕಿಯೇ ಇದ್ದರೆ ಸೋತ ಸ್ನಾಯು ಇನ್ನೂ ಸೋಲುತ್ತದೆ.

ಅವಳಿಗೆ ಕಲಿಸಿದ್ದು ಎರಡೇ ವ್ಯಾಯಾಮ. ಎದುರಿಗೆ ನೋಡುತ್ತಾ ಗದ್ದವನ್ನು ಕೆಳಗೆ ಬಗ್ಗಿಸದೆ ಸೀದಾ ಹಿಂದಕ್ಕೆ ಎಳೆಯುವುದು; 5 ಸೆಕೆಂಡು ಹಿಡಿದು ಬಿಡುವುದು, 10 ಸಲ. ಮೊದಲ ಸಲ ಎಲ್ಲರೂ ತಲೆ ತಗ್ಗಿಸಿಯೇ ಬಿಡುತ್ತಾರೆ, ಗದ್ದದ ಮೇಲೆ ಬೆರಳಿಟ್ಟು ಹಿಂದೆ ತಳ್ಳಿದರೆ ಗೊತ್ತಾಗುತ್ತದೆ. ಇನ್ನೊಂದು, ಎರಡೂ ಹೆಗಲ ಹಿಂದಿನ ರೆಕ್ಕೆ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ಎಳೆಯುವುದು. ಫೋನು ಕಣ್ಣಿನ ಮಟ್ಟಕ್ಕೆ ಬರಬೇಕು, ಅರ್ಧ ಗಂಟೆಗೊಮ್ಮೆ ನೀರು ಕುಡಿಯುವ ನೆಪದಲ್ಲಾದರೂ ಏಳಬೇಕು. ಬಿಗಿತಕ್ಕೆ ಬಿಸಿ ಶಾಖ ಹಿತ.

ಕ್ಷೌರದಂಗಡಿಯಲ್ಲಿ ಗೋಣನ್ನು ಲಟಕ್ಕೆಂದು ತಿರುವಿಸಿಕೊಳ್ಳುವ ರೂಢಿಯನ್ನು ದಯಮಾಡಿ ಬಿಡಿ. ಕುತ್ತಿಗೆಯ ಮೂಳೆಗಳ ಒಳಗಿಂದಲೇ ಮಿದುಳಿಗೆ ರಕ್ತನಾಳ ಹೋಗುತ್ತದೆ. ಅದು ಹರಿದರೆ ಲಕ್ವಾ ಹೊಡೆಯಬಹುದು. ಅಪರೂಪ ನಿಜ, ಆದರೆ ಲಟಿಕೆಯ ಸುಖಕ್ಕೆ ಆ ಬೆಲೆ ಬೇಡ.

ತೋಳಿಗೆ ಜೋಮು ಇಳಿಯುವುದು, ಕೈಯಿಂದ ವಸ್ತು ಜಾರುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು, ಬಿದ್ದ ಮೇಲೆ ಅಥವಾ ಜ್ವರದ ಜೊತೆ ಗೋಣು ಸೆಟೆಯುವುದು – ಇವು ಟೆಕ್ಸ್ಟ್ ನೆಕ್ ಅಲ್ಲ. ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಮೂರು ವಾರ ಬಿಟ್ಟು ಹುಡುಗಿ ಮತ್ತೆ ಬಂದಳು. ಹಿಟ್ಟಿನ ಡಬ್ಬಿ ಬೋರಲು ಹಾಕಿ ಅದರ ಮೇಲೆ ಫೋನ್ ನಿಲ್ಲಿಸುತ್ತಾಳಂತೆ. “ಮುಂಜಾನಿ ನೋವಿಲ್ರಿ, ಸಂಜಿಗಿ ಒಂದೀಟು ಐತಿ” ಅಂದಳು. ತಾಯಿ ಹತ್ತಿರ ಸರಿದು, “ರೊಟ್ಟಿ ಬಡಿಯೂ ಮುಂದ ನನಗೂ ಹಿಡೀತೈತ್ರಿ, ಆ ಗದ್ದ ಎಳಿಯೂದು ನನಗೂ ತೋರಸ್ರಿ” ಅಂದರು. ಸ್ಟೂಲು ಎಳೆದು ಕೂಡ್ರಿಸಿದೆ. ಬೆರಳಿಟ್ಟು ತೋರಿಸಲು ಮಗಳೇ ಮುಂದೆ ಬಂದಳು.